ಬುಡ ಗಟ್ಟಿಯಿದ್ದರೆ ಬಣ್ಣ

ದಸರೆಯ ಜಂಬೂಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪದಲ್ಲಿ ಮುಗಿಯುತ್ತದೆ. ಪಂಜಿನ ಕವಾಯತು ನೋಡಿದ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಮೈದಾನದ ಆಚೆಗಿನ ಒಳರಸ್ತೆಗಳಲ್ಲಿ ಪ್ರವಾಸಿಗರಿಗೆ ಕೆಲಸವಿಲ್ಲ. ಅಲ್ಲಿ ಬೆಳಗಿನ ಹತ್ತರ ಹೊತ್ತಿಗೆ ಶಟರುಗಳು ಗಡಗಡ ಮೇಲೇಳುತ್ತವೆ. ಲೇತಿನವರು, ವೆಲ್ಡಿಂಗಿನವರು, ರೇಡಿಯೇಟರ್ ರಿಪೇರಿಯವರು, ಸೀಟು ಹೊಲಿಯುವವರು, ಹಳೆ ಟೈರು ಪೇರಿಸಿಕೊಂಡವರು ಒಬ್ಬರ ಗೋಡೆಗೆ ಒಬ್ಬರು ಒತ್ತಿಕೊಂಡು ಕೂತಿದ್ದಾರೆ. ದೇವರ ಪಟದ ಮುಂದಿನ ಊದುಬತ್ತಿ ಆರುವ ಮೊದಲೇ ಕಂಪ್ರೆಸರ್ ದಡದಡ ಎನ್ನತೊಡಗುತ್ತದೆ. ಗ್ರೀಸು, ಥಿನ್ನರ್, ಸುಟ್ಟ ಕಬ್ಬಿಣ, ಪಕ್ಕದ ಕ್ಯಾಂಟೀನಿನ ಕಾಫಿ ಎಲ್ಲ ಬೆರೆತ ವಾಸನೆ ಬೀದಿಯಿಡೀ ಹರಡುತ್ತದೆ.

ಇಂಥದೊಂದು ತಗಡಿನ ಶೆಡ್ಡಿನಲ್ಲಿ, ಎರಡು ಕಂಬದ ಲಿಫ್ಟಿನ ಮೇಲೆ, ಆಳೆತ್ತರದಲ್ಲಿ ಒಂದು ಕೆಂಪು ಫಿಯಟ್ ಪಾಲಿಯೊ ನಿಂತಿದೆ. ನಾಲ್ಕೂ ಚಕ್ರ ಬಿಚ್ಚಿದ್ದಾರೆ. ಸೈಲೆನ್ಸರ್ ಕೊಳವೆ ಗೋಡೆಗೆ ಒರಗಿದೆ. ಹುಡುಗನೊಬ್ಬ ಪೆಟ್ರೋಲ್ ಟ್ಯಾಂಕನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಹೊರಗಿನ ನೆರಳಿಗೆ ಒಯ್ಯುತ್ತಿದ್ದಾನೆ. ಕಾರಿನ ಕೆಳಗೆ ನಿಂತು ಕತ್ತೆತ್ತಿದರೆ ರಸ್ತೆ ಮಾತ್ರ ಕಾಣಬಲ್ಲ ಭಾಗವೆಲ್ಲ ಕಣ್ಣೆದುರಿಗೆ ಬರುತ್ತದೆ: ಕಪ್ಪು, ಕಂದು, ಅಲ್ಲಲ್ಲಿ ಕಿತ್ತಳೆ. ಎಂಜಿನ್ನಿನಿಂದ ಆಯಿಲ್ ಜಿನುಗಿ ಹರಡಿದ ಕಡೆ ಮಾತ್ರ ಲೋಹ ಹೊಸದರಂತೆ ಇದೆ. ಎಣ್ಣೆಯ ಪದರ ನೀರನ್ನೂ ಗಾಳಿಯನ್ನೂ ಹತ್ತಿರ ಬಿಟ್ಟಿಲ್ಲ. “ಸೋರೋ ಗಾಡಿಗೆ ಆಯಸ್ಸು ಜಾಸ್ತಿ ಸಾರ್,” ಎಂದು ಮೇಸ್ತ್ರಿ ನಗುತ್ತಾರೆ.

ಪಾಲಿಯೊ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಬೆಳೆಯುತ್ತಿರುವ ದೇಶಗಳ ಒರಟು ರಸ್ತೆಗಳನ್ನು ಲೆಕ್ಕಕ್ಕೆ ಹಿಡಿದು ಫಿಯಟ್ ರೂಪಿಸಿದ ಈ ಕಾರು 1996ರಲ್ಲಿ ಮೊದಲು ಬ್ರೆಜಿಲ್‌ನಲ್ಲಿ ರಸ್ತೆಗಿಳಿದಿತ್ತು. ಭಾರತದಲ್ಲಿ ಅದನ್ನು ತಯಾರಿಸಿದ್ದು ಮುಂಬಯಿಯ ಕುರ್ಲಾದಲ್ಲಿ, ಹಿಂದೆ ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದ ಜಾಗದಲ್ಲೇ. ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. 1.2 ಲೀಟರಿನ ಪಾಲಿಯೊ ಸಂಸಾರಸ್ಥರ ಕಾರಾದರೆ, ಈಗ ಲಿಫ್ಟಿನ ಮೇಲಿರುವ 1.6 ಜಿಟಿಎಕ್ಸ್ ವೇಗದ ಹುಚ್ಚಿನವರದು. 1,596 ಸಿಸಿ, 16 ವಾಲ್ವು, 100 ಅಶ್ವಶಕ್ತಿ. ಅದೇ ಕಾಲದ ಮಾರುತಿ ಜೆನ್ 60ರ ಆಸುಪಾಸಿನಲ್ಲಿತ್ತು ಎಂದರೆ ಅಂತರ ಗೊತ್ತಾದೀತು. ಪೆಟ್ರೋಲ್ ಕುಡಿಯುತ್ತದೆಂಬ ಅಪಖ್ಯಾತಿಯನ್ನೂ ಅದು ಬೇಗ ಗಳಿಸಿತು, ಮಾರಾಟ ಇಳಿಯಿತು. ಈಗ ರಸ್ತೆಯಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಉಳಿಸಿಕೊಂಡವರು ಮಾತ್ರ ಅದರ ಸ್ಟಿಯರಿಂಗಿನ ಹಿಡಿತ, ತಿರುವಿನಲ್ಲಿ ನೆಲ ಕಚ್ಚಿ ನಿಲ್ಲುವ ಗುಣ ಇವನ್ನು ವರ್ಣಿಸತೊಡಗಿದರೆ ಮುಗಿಸುವುದಿಲ್ಲ.

ಈ ಕಾರಿನ ನಂಬರ್ ಪ್ಲೇಟು ಕೆಎ 09, ಮೈಸೂರು ಪಶ್ಚಿಮದ್ದು. ಆದರೆ ನಡುವೆ ಹಲವು ವರ್ಷ ಅದು ಮಂಗಳೂರಿನಲ್ಲಿತ್ತು. ಮಾಲೀಕರಿಗೆ ಅಲ್ಲಿಗೆ ವರ್ಗವಾಗಿತ್ತು. ಮನೆ ಸಮುದ್ರದ ಬದಿಗೆ. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬಿದ್ದರೆ, ಕರಾವಳಿಯಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಜೊತೆಗೆ ಉಪ್ಪುಗಾಳಿ. ಕಬ್ಬಿಣ, ನೀರು, ಆಮ್ಲಜನಕ ಮೂರು ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಈ ಕ್ರಿಯೆ ಓಟ ಕೀಳುತ್ತದೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಎರಡು ತಗಡುಗಳನ್ನು ಒತ್ತಿ ಬೆಸೆದ ಅಂಚಿನಲ್ಲಿ ಅದು ಉಬ್ಬಿತೆಂದರೆ ಅಂಚೇ ಬಾಯಿ ತೆರೆಯುತ್ತದೆ, ಒಳಕ್ಕೆ ಇನ್ನಷ್ಟು ನೀರು ಹೋಗುತ್ತದೆ.

ಮೇಸ್ತ್ರಿ ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಕಿವಿಯ ಮೇಲೆ ಸೀಮೆಸುಣ್ಣ. ಹಲಸಿನಹಣ್ಣು ಬಡಿದು ನೋಡುವ ಹಾಗೆ ಕಾರಿನ ತಳವನ್ನು ಅಂಗುಲ ಅಂಗುಲವಾಗಿ ಬಡಿಯುತ್ತ ಹೋಗುತ್ತಾರೆ. ‘ಟಣ್’ ಎಂದ ಕಡೆ ಮುಂದಕ್ಕೆ ಹೋಗುತ್ತಾರೆ. ‘ದಬ್’ ಎಂದ ಕಡೆ ಸೀಮೆಸುಣ್ಣದ ಗೆರೆ. ಬಾಗಿಲ ಕೆಳಗೆ ಜಾಕಿ ಕೊಡುವ ಜಾಗ, ಹಿಂದಿನ ಚಕ್ರದ ಕಮಾನಿನ ಒಳಮೈ, ಹಿಂಬದಿಯ ಸ್ಪ್ರಿಂಗು ಕೂರುವ ಬಟ್ಟಲು, ಹಿಂದಿನ ಆಕ್ಸಲ್ ಬೋಲ್ಟಾಗುವ ಮೂಲೆ ಎಲ್ಲ ಕಡೆ ಗೆರೆ ಬೀಳುತ್ತದೆ. ಯಾವಾಗಲೋ ಯಾರೋ ಹೊಡೆಸಿದ್ದ ದಪ್ಪನೆಯ ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್ ಇನ್ನೂ ಹಾಗೇ ಇದೆ. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಅದರ ಒಂದು ಮೂಲೆ ಎಬ್ಬಿಸಿದರೆ ಅಂಗೈಯಗಲದ ಹಕ್ಕಳೆ ಕಳಚಿ ಬರುತ್ತದೆ. ಅದರ ಬೆನ್ನಿಗೆ ಕೆಂಪು ಪುಡಿ. ತೊಳೆದು ಒಣಗಿಸದ ತಗಡಿನ ಮೇಲೆ ಹೊಡೆದ ಕೋಟಿಂಗ್ ನೀರನ್ನು ತಡೆಯುವ ಬದಲು ಒಳಗೇ ಹಿಡಿದಿಟ್ಟಿತ್ತು. ಬಾಗಿಲ ಕೆಳಗಿನ ಪೆಟ್ಟಿಗೆಯಿಂದ ನೀರು ಇಳಿದುಹೋಗಲು ಬಿಟ್ಟಿದ್ದ ತೂತುಗಳನ್ನೂ ಮುಚ್ಚಿಬಿಟ್ಟಿತ್ತು.

“ಮೇಲೆ ನೋಡಿ ಗಾಡಿ ತಗೊಳೋರು ಬಾಳ ಜನ ಸಾರ್. ಕೆಳಗೆ ಬಗ್ಗಿ ನೋಡೋರೇ ಇಲ್ಲ,” ಎನ್ನುತ್ತಾರೆ ಮೇಸ್ತ್ರಿ.

“ಮೊದ್ಲು ಪೇಂಟ್ ಮಾಡಿಸ್ಬಿಡೋಣ ಅಂತಿದ್ದೆ ಮೇಸ್ತ್ರೀ,” ಎಂದು ಮಾಲೀಕರು ರಾಗ ಎಳೆಯುತ್ತಾರೆ.

“ಬುಡ ಗಟ್ಟಿ ಇದ್ರೆ ಬಣ್ಣ ಸಾರ್. ಇಲ್ದಿದ್ರೆ ಆ ದುಡ್ಡು ನೀರಿಗೆ ಹಾಕ್ದಂಗೆ.”

ಅರಮನೆ, ಮಲ್ಲಿಗೆ, ರೇಷ್ಮೆ, ಮೈಸೂರುಪಾಕು ಎಂದು ಹೊಗಳಿಸಿಕೊಳ್ಳುವ ಈ ಊರು ವಾಹನದ ತಳಭಾಗವನ್ನು ಚೆನ್ನಾಗಿ ಬಲ್ಲ ಊರೂ ಹೌದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ದೇಶಕ್ಕೆಲ್ಲ ಕಳಿಸಿತು. ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ 1981ರಲ್ಲಿ ಹುಟ್ಟಿ ಇಂದಿಗೂ ಲಾರಿ, ಬಸ್ಸುಗಳಿಗೆ ಆಕ್ಸಲ್ ಮಾಡುತ್ತದೆ. ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರು ಇತ್ತು, ಮುಂದೆ ಅದು ಜೆ.ಕೆ. ಟೈರಿನ ತೆಕ್ಕೆಗೆ ಸೇರಿತು. ಫಾಲ್ಕನ್ ಟೈರ್ಸ್ ಬೈಕಿನ ಟೈರು ಮಾಡುತ್ತಿತ್ತು. ಗಣಿಗಳಲ್ಲಿ ಓಡುವ ದೈತ್ಯ ಟಿಪ್ಪರ್‌ಗಳು ಬೆಮೆಲ್‌ನ ಮೈಸೂರು ಘಟಕದಿಂದ ಹೊರಬರುತ್ತವೆ. ಈ ಕಾರ್ಖಾನೆಗಳ ಗೇಟಿನಿಂದ ನಿವೃತ್ತರಾಗಿಯೋ ಕೆಲಸ ಕಳೆದುಕೊಂಡೋ ಹೊರಬಂದ ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಕೈಕೆಳಗೆ ಕಲಿತ ಹುಡುಗರು ಊರ ತುಂಬ ಇದ್ದಾರೆ. ಈ ಮೇಸ್ತ್ರಿಯ ಗುರುಗಳು ಜಾವಾದಲ್ಲಿ ಫಿಟ್ಟರ್ ಆಗಿದ್ದವರು. ಬೋಲ್ಟು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಜೋಡಿಸುವ ಶಿಸ್ತು ಅಲ್ಲಿಂದ ಇಳಿದು ಬಂದದ್ದು. ಈಗ ಅದಕ್ಕೆ ಮೊಬೈಲ್ ಫೋಟೋ ಒಂದು ಸೇರಿಕೊಂಡಿದೆ.

ಬಿಚ್ಚುವ ಕೆಲಸ ಸಾವಧಾನದ್ದು. ತುಕ್ಕು ಹಿಡಿದ ಬೋಲ್ಟು ಅವಸರ ಮಾಡಿದವನ ಕೈಯಲ್ಲಿ ತಲೆ ಮುರಿದುಕೊಂಡು ಉಳಿದ ಅರ್ಧವನ್ನು ಒಳಗೇ ಬಿಟ್ಟುಬಿಡುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಎಲ್ಲ ನಟ್ಟು ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದಾರೆ. ಅದಕ್ಕೂ ಜಗ್ಗದವಕ್ಕೆ ಗ್ಯಾಸಿನ ಬೆಂಕಿ: ನಟ್ಟು ಕೆಂಪಗೆ ಕಾದು ಹಿಗ್ಗುತ್ತದೆ, ಆರುವಾಗ ಹಿಡಿತ ಬಿಡುತ್ತದೆ. ಮೇಸ್ತ್ರಿ ಉದ್ದ ಪೈಪು ಸಿಕ್ಕಿಸಿದ ಸ್ಪ್ಯಾನರ್ ಹಿಡಿದು ಒಮ್ಮೆ ಬಿಗಿಯುವ ಕಡೆಗೆ ಚೂರು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ಎಳೆಯುತ್ತಾರೆ. ‘ಕಟಕ್’ ಎಂಬ ಸದ್ದು ಕೇಳಿದ ಕೂಡಲೇ ಹುಡುಗರ ಮುಖ ಅರಳುತ್ತದೆ.

ಮುಂಗಡೆಯದು ಮೆಕ್‌ಫರ್ಸನ್ ಸ್ಟ್ರಟ್. 1940ರ ದಶಕದಲ್ಲಿ ಅರ್ಲ್ ಮೆಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬದಲ್ಲಿ ಕೂರಿಸಿದ ಈ ಏರ್ಪಾಟು ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿದೆ. ಆ ಕಂಬದ ಸ್ಪ್ರಿಂಗು ಬಿಚ್ಚುವಾಗ ಶೆಡ್ಡಿನ ಹರಟೆ ನಿಲ್ಲುತ್ತದೆ. ಎರಡು ಕಡೆ ಕೊಕ್ಕೆ ಹಾಕಿ, ಉದ್ದನೆಯ ಸ್ಕ್ರೂ ತಿರುಗಿಸಿ ಸ್ಪ್ರಿಂಗನ್ನು ಅಮುಕುತ್ತಾರೆ. ಅಮುಕಿದ ಸ್ಪ್ರಿಂಗಿನಲ್ಲಿ ಕಾರಿನ ಒಂದು ಮೂಲೆಯನ್ನೇ ಎತ್ತಿ ಹಿಡಿಯುವಷ್ಟು ಶಕ್ತಿ ಅಡಗಿರುತ್ತದೆ. ಕೊಕ್ಕೆ ಜಾರಿದರೆ ಎದುರಿಗಿದ್ದವನ ದವಡೆ ಉಳಿಯುವುದಿಲ್ಲ. ಹುಡುಗರು ಪಕ್ಕಕ್ಕೆ ಸರಿದು ನಿಂತಿದ್ದಾರೆ; ಎದುರಿಗೆ ಯಾರೂ ಇಲ್ಲ.

ಬಿಚ್ಚಿದ್ದೆಲ್ಲ ಈಗ ಹಳೆ ಫ್ಲೆಕ್ಸ್ ಬ್ಯಾನರಿನ ಮೇಲೆ ಹರಡಿಕೊಂಡಿದೆ. ಶಾಕ್ ಅಬ್ಸಾರ್ಬರಿನ ಕಡ್ಡಿ ಒತ್ತಿದರೆ ತಡೆಯಿಲ್ಲದೆ ಒಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಸ್ಪ್ರಿಂಗು ಗುಂಡಿಯ ಏಟನ್ನು ತಿನ್ನುತ್ತದೆ. ತಿಂದದ್ದನ್ನು ಕುಣಿತವಾಗಿ ಹಿಂದಕ್ಕೆ ಕೊಡುತ್ತದೆ. ಆ ಕುಣಿತ ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಎಣ್ಣೆ ಸಣ್ಣ ವಾಲ್ವುಗಳ ಮೂಲಕ ನುಸುಳುವಾಗ ಚಲನೆ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಎಣ್ಣೆ ಸೋರಿದರೆ ಚಕ್ರ ರಸ್ತೆಯನ್ನು ಬಿಟ್ಟು ಬಿಟ್ಟು ಕೂರುತ್ತದೆ, ಬ್ರೇಕಿನ ದೂರವೂ ಹೆಚ್ಚುತ್ತದೆ. ಲೋವರ್ ಆರ್ಮಿನ ರಬ್ಬರ್ ಬುಷ್‌ಗಳು ಸೀಳಿವೆ. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಗ್ರೀಸಿನ ಜಾಗದಲ್ಲಿ ಮಣ್ಣು ತುಂಬಿದೆ. ಸ್ಟ್ರಟ್ ತಲೆಯ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಕರಕರ ಅನ್ನುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕೇಳುತ್ತಿದ್ದ ‘ಟೊಕ್ ಟೊಕ್’ ಸದ್ದು ಎಂಜಿನ್ನಿನದೆಂದು ಮಾಲೀಕರು ಇಷ್ಟು ದಿನ ನಂಬಿದ್ದರು.

ಇನ್ನು ಬಿಡಿಭಾಗದ ಬೇಟೆ. ಫಿಯಟ್ ತನ್ನ ಹೆಸರಿನ ಕಾರುಗಳ ಮಾರಾಟವನ್ನು ಭಾರತದಲ್ಲಿ ನಿಲ್ಲಿಸಿದ್ದರಿಂದ ಪಾಲಿಯೊ ಸಾಮಾನು ಕೌಂಟರಿನಲ್ಲಿ ಕೇಳಿದರೆ ತಲೆಯಾಡಿಸುತ್ತಾರೆ. ಮಾಲೀಕರ ಮೊಬೈಲಿನಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿಯವರ, ಚೆನ್ನೈನ ಪುದುಪೇಟೆಯವರ ನಂಬರುಗಳು ಸೇರಿಕೊಂಡಿವೆ. ಗುಜರಿಯಲ್ಲಿ ಸಿಕ್ಕ ಎಲ್ಲವನ್ನೂ ಮೇಸ್ತ್ರಿ ಒಪ್ಪುವುದಿಲ್ಲ. ಲೋವರ್ ಆರ್ಮ್, ಹಿಂದಿನ ಆಕ್ಸಲ್, ಬ್ರಾಕೆಟ್ಟುಗಳಂಥ ಕಬ್ಬಿಣದ ಭಾಗ ಹಳೆಯದಾದರೂ ಬಿರುಕಿಲ್ಲದಿದ್ದರೆ, ಬಾಗಿಲ್ಲದಿದ್ದರೆ ಸರಿ. ರಬ್ಬರು, ಶಾಕ್ ಅಬ್ಸಾರ್ಬರ್, ಬಾಲ್ ಜಾಯಿಂಟ್ ಮಾತ್ರ ಹೊಸದೇ ಬೇಕು, ಎಡಬಲ ಜೋಡಿಯಾಗಿಯೇ ಬೇಕು. ಒಂದು ಬದಿಗಷ್ಟೇ ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ಕಾರು ತಿರುವಿನಲ್ಲಿ ಒಂದೊಂದು ಕಡೆಗೆ ಒಂದೊಂದು ಥರ ವರ್ತಿಸುತ್ತದೆ. ರಬ್ಬರಿನ ಬದಲು ಪಾಲಿಯುರಿಥೇನ್ ಬುಷ್ ಹಾಕಿಸಬೇಕೆಂದು ಮಾಲೀಕರ ಆಸೆ. ರೇಸಿನವರು ಅದನ್ನೇ ಹಾಕುತ್ತಾರಲ್ಲ. ದಸರೆಯ ಹೊತ್ತಿಗೆ ಲಲಿತಮಹಲ್ ಬಳಿಯ ಮೈದಾನದಲ್ಲಿ ಮಣ್ಣಿನ ಹಾದಿಯ ಕಾರು ಓಟ ನಡೆದಾಗ ಅಂಥ ಗಾಡಿಗಳಿಗೆ ಮೇಸ್ತ್ರಿ ಕೈ ಹಾಕಿದ್ದೂ ಉಂಟು. ಆ ಬುಷ್ ಬಿರುಸು, ಹಿಡಿತ ಹೆಚ್ಚು, ಜೊತೆಗೆ ರಸ್ತೆಯ ಪ್ರತಿ ಕಲ್ಲಿನ ಸುದ್ದಿಯನ್ನೂ ಒಳಗೆ ಕೂತವರಿಗೆ ಮುಟ್ಟಿಸುತ್ತದೆ. “ಅತ್ತೆನ ಕೂರಿಸ್ಕೊಂಡು ನಂಜನಗೂಡಿಗೆ ಹೋಗ್ತೀರಲ್ಲ ಸಾರ್, ರಬ್ಬರೇ ಹಾಕ್ಸಿ,” ಎಂದು ಮೇಸ್ತ್ರಿ ತೀರ್ಪು ಕೊಟ್ಟು ಆ ವಿಷಯ ಮುಗಿಸುತ್ತಾರೆ.

ಸೀಮೆಸುಣ್ಣದ ಗೆರೆಗಳ ಸರದಿ ಬಂದಿದೆ. ಗ್ರೈಂಡರ್ ಕಿಡಿ ಕಾರುತ್ತ ಕೊಳೆತ ತಗಡನ್ನು ಕತ್ತರಿಸುತ್ತದೆ. ಎಲ್ಲಿಯವರೆಗೆ ಕತ್ತರಿಸಬೇಕೆಂಬುದಕ್ಕೆ ಒಂದೇ ನಿಯಮ: ಬೆಳ್ಳಗೆ ಹೊಳೆಯುವ ಲೋಹ ಸಿಗುವವರೆಗೆ. ತುಕ್ಕಿನ ಮೇಲೇ ತಗಡು ಹೊದಿಸಿ ಬೆಸೆದರೆ ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಕೊಳೆಯುವುದು ಮುಂದುವರಿಯುತ್ತದೆ. ಟಿಂಕರ್ ಹೊಸ ತಗಡನ್ನು ಹಳೆಯದರ ಅಚ್ಚಿಗೆ ತಕ್ಕಂತೆ ಬಡಿದು ಬಾಗಿಸುತ್ತಾನೆ. ಬ್ಯಾಟರಿ ತಂತಿ ಕಳಚಿದೆ, ಟ್ಯಾಂಕು ದೂರದಲ್ಲಿದೆ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು. ಸಿಒಟು ವೆಲ್ಡಿಂಗಿನ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಬೀಳುವುದಿಲ್ಲ. ಇಲ್ಲೊಂದು, ಆಚೆ ತುದಿಯಲ್ಲೊಂದು, ಮತ್ತೆ ನಡುವೆ. ಒಂದೇ ಕಡೆ ಕಾವು ಕೂಡಿದರೆ ತೆಳು ತಗಡು ಸೊಟ್ಟಗಾಗುತ್ತದೆ.

ಸಸ್ಪೆನ್ಷನ್ನಿನ ಗಟ್ಟಿ ಭಾಗಗಳು ಸ್ಯಾಂಡ್‌ಬ್ಲಾಸ್ಟಿಂಗಿಗೆ, ಅಲ್ಲಿಂದ ಪೌಡರ್ ಕೋಟಿಂಗಿಗೆ ಹೋಗುತ್ತವೆ. ಆ ಪುಡಿ ಕರಗಿ ಹರಡಲು 180ರಿಂದ 200 ಡಿಗ್ರಿ ಶಾಖದ ಒಲೆ ಬೇಕು. ರಬ್ಬರನ್ನೆಲ್ಲ ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಸುಟ್ಟ ವಾಸನೆಯೊಂದೇ ಉಳಿದೀತು. ಕಾರಿನ ತಳಕ್ಕೆ ಮರಳಿನ ಹೊಡೆತ ಬೇಡ, ತಗಡು ತಡೆಯುವುದಿಲ್ಲ. ಅಲ್ಲಿ ತಂತಿಯ ಬ್ರಷ್ಷು, ಉಪ್ಪುಕಾಗದ, ಬೆರಳು. ಮಲಗಿ ಉಜ್ಜುವ ಹುಡುಗನ ಮಾಸ್ಕು, ಕನ್ನಡಕ, ಹುಬ್ಬು ಎಲ್ಲ ಒಂದೇ ಬಣ್ಣಕ್ಕೆ ತಿರುಗಿವೆ. ಉಜ್ಜಿದ ಮೇಲೆ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ, ಕೆಂಪು ಕಪ್ಪಾಗುತ್ತದೆ. ಅದು ಒಣಗಿ ಸ್ವಚ್ಛವಾದ ಮೇಲೆ ಎಪಾಕ್ಸಿ ಪ್ರೈಮರ್, ಬೆಸುಗೆಯ ಸಾಲುಗಳಿಗೆ ಸೀಲರ್, ಮೇಲೆ ಚಾಸಿ ಬಣ್ಣ, ಕಣ್ಣಿಗೆ ಕಾಣದ ಪೆಟ್ಟಿಗೆಗಳ ಒಳಗೆ ಉದ್ದ ನಳಿಕೆಯಿಂದ ಮೇಣ. ಮುಚ್ಚಿಹೋಗಿದ್ದ ನೀರಿನ ತೂತುಗಳನ್ನು ಬಿಡಿಸಿದ್ದಾರೆ. ಇದಕ್ಕೆಲ್ಲ ಒಣ ಹವೆ ಬೇಕು. ಮೈಸೂರಿಗೆ ಮೇ ತಿಂಗಳ ಗುಡುಗು ಮಳೆಯೂ ಉಂಟು, ಅಕ್ಟೋಬರಿನ ಹಿಂಗಾರೂ ಉಂಟು. ಬಲ್ಲ ಗ್ಯಾರೇಜಿನವರು ಈ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿನೊಳಗೆ ಇಟ್ಟುಕೊಳ್ಳುತ್ತಾರೆ.

ಮೈಮೇಲೆ ತುಕ್ಕಿನ ಪೊರೆ ಕಟ್ಟಿದ ಬ್ರೇಕ್ ಪೈಪುಗಳ ವಿಷಯದಲ್ಲಿ ಚರ್ಚೆಯೇ ಇಲ್ಲ. ಹಳೆಯವು ಹೋಗಿ ತಾಮ್ರ-ನಿಕ್ಕಲ್ ಮಿಶ್ರಲೋಹದ ಹೊಸ ಪೈಪುಗಳು ಹಳೆಯ ಹಾದಿಯಲ್ಲೇ ಬಾಗಿ ಕೂರುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ತುಳಿದಾಗ ಕುದಿದು ಗುಳ್ಳೆ ಎದ್ದರೆ ಪೆಡಲು ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂಬ ಮಾತಿನ ಹಿಂದಿರುವುದು ಇದೇ.

ಜೋಡಣೆಯ ದಿನ ಶೆಡ್ಡಿನಲ್ಲಿ ಹಬ್ಬದ ಕಳೆ. ಹೈಡ್ರಾಲಿಕ್ ಪ್ರೆಸ್ಸು ಹೊಸ ಬುಷ್‌ಗಳನ್ನು ಆರ್ಮಿನ ಕಿವಿಯೊಳಕ್ಕೆ ಕೂರಿಸುತ್ತದೆ. ಕಪ್ಪಗೆ ಮಿರುಗುವ ಭಾಗಗಳು ಒಂದೊಂದಾಗಿ ಮೇಲೇರುತ್ತವೆ. ಇಲ್ಲಿ ಮೇಸ್ತ್ರಿ ಹುಡುಗರಿಗೆ ಪದೇ ಪದೇ ಹೇಳುವ ಒಂದು ಗುಟ್ಟಿದೆ. ಕಾರು ಲಿಫ್ಟಿನ ಮೇಲಿದ್ದಾಗ ಬುಷ್ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಬೇಕು. ಚಕ್ರ ಹಾಕಿ, ಕಾರಿನ ಭಾರವೆಲ್ಲ ಅದರ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿ. ಚಕ್ರ ನೇತಾಡುವಾಗಲೇ ಬಿಗಿದುಬಿಟ್ಟರೆ ಕಾರು ಇಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತೆಂದು ಕಂಪನಿಯನ್ನು ಬಯ್ಯುವವರಲ್ಲಿ ಎಷ್ಟೋ ಜನರ ಕಾರುಗಳನ್ನು ಹೀಗೆ ಗಾಳಿಯಲ್ಲೇ ಬಿಗಿದಿರುತ್ತಾರೆ.

ವೀಲ್ ಅಲೈನ್‌ಮೆಂಟ್ ಮುಗಿದ ಮೇಲೆ ಪರೀಕ್ಷೆಗೆ ಬೆಟ್ಟ. ಮೈಸೂರಿನ ಮೆಕ್ಯಾನಿಕ್‌ಗಳಿಗೆ ಚಾಮುಂಡಿ ದೇವರೂ ಹೌದು, ಪರೀಕ್ಷಕಿಯೂ ಹೌದು. ನಗರದಿಂದ ಮೇಲಕ್ಕೆ ಸುಮಾರು 13 ಕಿಲೋಮೀಟರು. ಸಮುದ್ರಮಟ್ಟದಿಂದ 770 ಮೀಟರ್ ಎತ್ತರದ ಊರಿನಿಂದ ಸಾವಿರ ದಾಟಿದ ತುದಿಗೆ ಏರಿಕೆ. ನಗರದೊಳಗಿನ ಉಬ್ಬುಗಳ ಮೇಲೆ ಮೇಸ್ತ್ರಿ ಕಿಟಕಿ ಇಳಿಸಿ ಕಿವಿಗೊಡುತ್ತಾರೆ: ಸದ್ದಿಲ್ಲ. ಉಬ್ಬು ಇಳಿದ ಕಾರು ಒಮ್ಮೆ ಕುಗ್ಗಿ, ಒಮ್ಮೆ ಎದ್ದು ನಿಲ್ಲುತ್ತದೆ. ಬೆಟ್ಟದ ತಿರುವುಗಳಲ್ಲಿ 100 ಅಶ್ವಶಕ್ತಿಗೆ ಕೊನೆಗೂ ಕೆಲಸ ಸಿಗುತ್ತದೆ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಮೂಗು ತಿರುಗಿಸಿದ ಕಡೆಗೆ ಕಾರು ಹೋಗುತ್ತದೆ, ಹಿಂಭಾಗ ತಕರಾರಿಲ್ಲದೆ ಹಿಂಬಾಲಿಸುತ್ತದೆ. ಇಳಿಯುವಾಗ ಪೆಡಲು ಗಟ್ಟಿ. ಕಾರು ಶೆಡ್ಡಿಗೆ ಬಂದ ಕೂಡಲೇ ಮತ್ತೆ ಲಿಫ್ಟಿಗೆ ಏರಿಸಿ, ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿ, ಅದರ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ಮುಂದೆ ಬೋಲ್ಟು ಸಡಿಲಾದರೆ ಆ ಗುರುತು ಹೇಳುತ್ತದೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರಿಶೀಲನೆಗೆ ಒಳಪಟ್ಟು 5 ವರ್ಷಕ್ಕೊಮ್ಮೆ ನವೀಕರಣ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ವಿಂಟೇಜ್ ಕಾರುಗಳು ನೆರಳಲ್ಲಿ ಮಿನುಗುತ್ತವೆ. ಪಾಲಿಯೊದಂಥ ಕಾರಿಗೆ ಆ ಗೌರವ ಬರಲು ಇನ್ನೂ ಕಾಲವಿದೆ. ಅಲ್ಲಿಯವರೆಗೆ ಅದು ಲಾರಿ, ಬಸ್ಸುಗಳ ನಡುವೆ ಅದೇ ರಸ್ತೆಯಲ್ಲಿ ಓಡಬೇಕು, ಅದೇ ವೇಗದಲ್ಲಿ ನಿಲ್ಲಬೇಕು. ಅದು ಒಳಗೆ ಕೂತವರ ಜೀವದ ಪ್ರಶ್ನೆ, ಎದುರಿಗೆ ಬರುವವರದೂ ಹೌದು.

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ವಾಟರ್ ಸರ್ವಿಸ್ ಸ್ಟೇಷನ್‌ಗಳ ಮುಂದೆ ಸಾಲು ಹನುಮಂತನ ಬಾಲದಷ್ಟಿರುತ್ತದೆ. ಎಲ್ಲರಿಗೂ ಬಾನೆಟ್ಟು ಹೊಳೆಯಬೇಕು. ಈ ಸಲ ಸಾಲಿನಲ್ಲಿ ನಿಂತಾಗ ಹುಡುಗನಿಗೆ ಹೇಳಿ ಗಾಡಿಯನ್ನು ರ‍್ಯಾಂಪಿಗೆ ಏರಿಸಿ, ತಳಕ್ಕೂ ನೀರು ಹೊಡೆಸಿ, ಒಣಗಿದ ಮೇಲೆ ಟಾರ್ಚು ಹಿಡಿದು ನೀವೇ ಒಮ್ಮೆ ನೋಡಿ. ಹಳೆಯ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಇದನ್ನು ಮಾಡಲಿ. ಇಟ್ಟುಕೊಂಡವರು ಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲನ್ನು ಬುಷ್, ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪುಗಳಿಗೆ ಕೊಡಲಿ, ಉಳಿದರೆ ಬಣ್ಣ.